ಒಂದು ಎನ್ನುವ ಮೊದಲು

ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಕಸೂತಿ ಹಾಕುತ್ತೇನೆ ಎಂದು ಸುಳ್ಳು ಹೇಳಿ ಪಾರಾಗುವುದು ನನ್ನ ರೂಢಿ. ನಿಜ ಹೇಳಲು ಹೊರಟರೆ ಅರ್ಧ ತಾಸು ಬೇಕು, ಅಷ್ಟರೊಳಗೆ ಕೇಳಿದವರು ಬಾಗಿಲ ಕಡೆ ನೋಡತೊಡಗಿರುತ್ತಾರೆ. ಇಲ್ಲಿ ಮಾತ್ರ ಹೇಳದೆ ಗತಿಯಿಲ್ಲ. ಗೋಕಾಕದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವುದು ನನ್ನ ಪಗಾರದ ಕೆಲಸ. ಪಗಾರವಿಲ್ಲದ ಕೆಲಸ ಬೇರೆ ಇದೆ. ಜಗತ್ತಿನಲ್ಲಿ ಎಷ್ಟೋ ಜನ ಪ್ರೋಗ್ರಾಮು ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟಿಯಾಗಿ ಕೊಟ್ಟುಬಿಡುತ್ತಾರೆ. ಹೊಲದಿಂದ ನೇರ ತಂದ ಕಾಳಿನ ಹಾಗೆ ಅದರಲ್ಲಿ ಮಣ್ಣು, ಕಡ್ಡಿ, ಹರಳು ಎಲ್ಲ ಇರುತ್ತದೆ. ಅದನ್ನು ಹಸನು ಮಾಡಿ, ಒಂದು ಗುಂಡಿ ಒತ್ತಿದರೆ ಯಾರ ಕಂಪ್ಯೂಟರಿನಲ್ಲಾದರೂ ಹೋಗಿ ಕೂರುವಂತೆ ಪೊಟ್ಟಣ ಕಟ್ಟುವ ಹುಚ್ಚರು ದೇಶದೇಶಗಳಲ್ಲಿದ್ದಾರೆ. ನಾನು ಆ ಗುಂಪಿನ ಗೋಕಾಕ ಶಾಖೆ.

ಪ್ರತಿ ಪೊಟ್ಟಣದ ಮೇಲೂ ಒಂದು ಸಂಖ್ಯೆ ಇರಬೇಕು. ಆವೃತ್ತಿ ಸಂಖ್ಯೆ ಎನ್ನಿ, ನಮ್ಮ ಲ್ಯಾಬಿನ ಹುಡುಗಿಯರು ವರ್ಷನ್ ನಂಬರು ಎನ್ನುತ್ತಾರೆ. ಕಂಪ್ಯೂಟರಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ, ದೊಡ್ಡದು ಸಣ್ಣದು ಮಾತ್ರ ಗೊತ್ತಾಗುತ್ತದೆ. ತನ್ನಲ್ಲಿರುವುದಕ್ಕಿಂತ ದೊಡ್ಡ ಸಂಖ್ಯೆಯ ಪೊಟ್ಟಣ ಬಂದರೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿಕೊಳ್ಳುತ್ತದೆ. ಸಣ್ಣದು ಬಂದರೆ ಮೂಸಿಯೂ ನೋಡುವುದಿಲ್ಲ. ಈ ಸಂಖ್ಯೆ ಕೊಡಬೇಕಾದವರು ಪ್ರೋಗ್ರಾಮು ಬರೆದವರು. ಇದು ಒಂದನೆಯದು, ಇದು ಎರಡನೆಯದು ಎಂದು ಅವರು ಸಾರಿ ಹೇಳಬೇಕು. ಎಷ್ಟೋ ಜನ ಹೇಳುವುದೇ ಇಲ್ಲ. ಬರೆಯುತ್ತಲೇ ಇರುತ್ತಾರೆ, ತಿದ್ದುತ್ತಲೇ ಇರುತ್ತಾರೆ. ಮುಗಿಯಿತೇ ಎಂದು ಕೇಳಿದರೆ ಗುಮ್ಮನ ಹಾಗೆ ಕೂರುತ್ತಾರೆ. ಆಗ ಕಟ್ಟುವವಳೇ ಸಂಖ್ಯೆ ಹುಡುಕಬೇಕು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾಡಿದ ಅಡುಗೆಯನ್ನು ಬಡಿಸದೆ ಉಪ್ಪು ನೋಡುತ್ತಾ ನಿಂತವರನ್ನು ಕಂಡರೂ ಹಾಗೇ ಆಗುತ್ತದೆ.

ಸುಲಭದ ದಾರಿಯೆಂದರೆ ತಾರೀಖು. ವರ್ಷ, ತಿಂಗಳು, ದಿನ ಸೇರಿಸಿ ಒಂದೇ ಸಾಲಿನಲ್ಲಿ ಬರೆದರೆ ಒಂದು ಉದ್ದ ಸಂಖ್ಯೆಯಾಗುತ್ತದೆ, ದಿನದಿನಕ್ಕೆ ತಾನೇ ಬೆಳೆಯುತ್ತದೆ. ಬಹಳ ಜನ ಹಾಗೇ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ನಾವು ತಾರೀಖು ಎಂದು ಓದುವುದನ್ನು ಯಂತ್ರ ಎರಡು ಕೋಟಿ ಚಿಲ್ಲರೆ ಎಂದು ಓದುತ್ತದೆ. ನಾಳೆ ಬರೆದವರಿಗೆ ಬುದ್ಧಿ ಬಂದು ಇದು ಒಂದನೇ ಆವೃತ್ತಿ ಎಂದು ಸಾರಿದರೆ ಎರಡು ಕೋಟಿಯ ಮುಂದೆ ಆ ಒಂದನ್ನು ಯಾರು ಕೇಳುತ್ತಾರೆ? ಅದಕ್ಕೇ ನಾನು ತಾರೀಖಿನ ಮುಂದೆ ಸೊನ್ನೆ ಬರೆದು, ಎರಡರ ನಡುವೆ ಅಲೆಯಂಥ ಒಂದು ಪುಟ್ಟ ಗೆರೆ ಎಳೆಯುತ್ತೇನೆ. ಆ ಗೆರೆ ಕಂಡರೆ ಯಂತ್ರ, ಇದು ಇನ್ನೂ ಸೊನ್ನೆಯನ್ನೂ ಮುಟ್ಟಿಲ್ಲ, ದಾರಿಯಲ್ಲಿದೆ ಎಂದು ತಿಳಿಯುತ್ತದೆ. ತಾರೀಖು ಎಷ್ಟು ಬೇಕಾದರೂ ಬೆಳೆಯಲಿ, ಮುಂದೆ ಒಂದು ಬರುವ ದಿನ ಅದಕ್ಕೆ ಜಾಗ ಇರುತ್ತದೆ. ನನ್ನ ಗುಂಪಿನ ಬೇರೆ ದೇಶದವನೊಬ್ಬ, ಇಂಥವರು ಒಂದಕ್ಕೆ ಬರುವುದೇ ಇಲ್ಲ, ಸುಮ್ಮನೆ ಯಾಕೆ ಜಾಗ ಕಾಯ್ದಿಡುತ್ತೀರಿ ಎಂದು ಒಮ್ಮೆ ಬರೆದಿದ್ದ. ಬರಲಿ ಬಿಡಲಿ, ಬಸ್ಸಿನಲ್ಲಿ ಕರವಸ್ತ್ರ ಹಾಕಿಡುವುದು ನಮ್ಮ ಪದ್ಧತಿ ಎಂದು ಉತ್ತರ ಕೊಟ್ಟೆ. ಅವನಿಗೆ ತಿಳಿಯಲಿಲ್ಲ.

ಇಷ್ಟು ಗೊತ್ತಿದ್ದರೆ ಸಾಕು. ಇನ್ನು ಮೂಡಲಗಿಯಿಂದ ಬಂದ ಫೋನಿನ ವಿಷಯ.

ಫೋನು ಮಾಡಿದವಳು ನಮ್ಮ ಲ್ಯಾಬಿನಲ್ಲೇ ಕಲಿತ ಹುಡುಗಿ. ಹುಡುಗಿ ಎಂದರೆ ಈಗ ಅವಳಿಗೇ ಸಾಲೆಗೆ ಹೋಗುವ ಮಕ್ಕಳಿದ್ದಾರೆ. ಗಂಡನ ಮನೆ ಮೂಡಲಗಿ, ಅಲ್ಲೇ ಒಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ತವರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಹಬ್ಬಕ್ಕೊಮ್ಮೆ ಫೋನು ಮಾಡುವವಳು ವಾರದ ನಡುವೆ ಮಾಡಿದಳು.

“ಅಕ್ಕಾರ, ಅಪ್ಪನ ದನಿ ತಗೀತಾರಂತ್ರಿ,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳ ತಂದೆಯ ಗಂಟಲಿನಲ್ಲಿ ಗಡ್ಡೆ ಬೆಳೆದಿತ್ತು. ಬೆಳಗಾವಿಯ ಡಾಕ್ಟರರು ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ, ಆದರೆ ದನಿಪೆಟ್ಟಿಗೆ ಪೂರಾ ತೆಗೆಯಬೇಕು ಎಂದಿದ್ದರು. ಕೆಲವು ವಾರಗಳ ಸಮಯವಿತ್ತು. ಅಷ್ಟರೊಳಗೆ ಅಪ್ಪನ ದನಿಯಲ್ಲಿ ಬೇಕಾದ ಶಬ್ದಗಳನ್ನೆಲ್ಲ ಹಿಡಿದಿಟ್ಟುಕೊಳ್ಳಬೇಕು, ಆಮೇಲೆ ಅವರು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದರೆ ಅವರದೇ ದನಿ ಹೊರಗೆ ಬರಬೇಕು. ಅಂಥದೊಂದು ಪ್ರೋಗ್ರಾಮನ್ನು ಅವಳು ಆಗಲೇ ಬರೆಯತೊಡಗಿದ್ದಳು. ಕನ್ನಡ ಓದುವ ಪ್ರೋಗ್ರಾಮುಗಳು ಸಿಗುತ್ತವಲ್ಲ ಎಂದೆ.

“ಸಿಗತಾವ್ರಿ. ಅವು ರೇಡಿಯೋದಾಗಿನ ವಾರ್ತೆ ಓದಿದಂಗ ಓದತಾವ. ನಮ್ಮಪ್ಪ ಅಂಥ ದನಿಲೆ ಮಾತಾಡಿದ್ರ ಹಿತ್ತಲದಾಗಿನ ಎಮ್ಮಿ ಸೈತ ತಿರುಗಿ ನೋಡೂದಿಲ್ರಿ.”

ಲ್ಯಾಪ್‌ಟಾಪು ಬಾಗೇವಾಡಿಯಲ್ಲಿರುತ್ತದೆ, ಅವಳು ಮೂಡಲಗಿಯಲ್ಲಿ. ಹೊಸ ಶಬ್ದ ಸೇರಿಸಿದಾಗಲೆಲ್ಲ ಬಸ್ಸು ಹತ್ತಿ ಓಡಲಾಗದು. ಅದಕ್ಕೇ ನಾನು ಪೊಟ್ಟಣ ಕಟ್ಟಿಕೊಡಬೇಕು, ಆ ಲ್ಯಾಪ್‌ಟಾಪು ತಾನೇ ಎಳೆದುಕೊಳ್ಳಬೇಕು. ಒಪ್ಪಿಕೊಂಡೆ. ಇಬ್ಬರಿಗೂ ನಡುವೆ ಬೀಳುವ ಜಾಗವೆಂದು ಘಟಪ್ರಭಾದಲ್ಲಿ ಸೇರಿದೆವು, ಸ್ಟೇಶನ್ ಹೊರಗಿನ ಚಹಾದ ಅಂಗಡಿಯಲ್ಲಿ. ಅವಳು ಪೆನ್‌ಡ್ರೈವ್ ಕೊಟ್ಟಳು. ನಾನು ಮಿರ್ಚಿ ಭಜಿ ಮುರಿಯುತ್ತಾ ಯಾವಾಗಲೂ ಕೇಳುವುದನ್ನೇ ಕೇಳಿದೆ.

“ನಂಬರ್ ಏನ್ ಹಾಕ್ಲಿ? ಒಂದ ಅಂತ ಬರದಬಿಡ್ಲ್ಯಾ?”

ಅವಳು ಚಹಾದ ಲೋಟ ಕೆಳಗಿಟ್ಟಳು. “ಬ್ಯಾಡ್ರಿ ಅಕ್ಕಾರ. ಒಂದ ಅಂದ್ರ ಮುಗೀತು ಅಂದಂಗ. ಅಪ್ಪ ಇನ್ನೂ ಮಾತಾಡಾಕತ್ತಾನ.”

ಇಂಥ ಉತ್ತರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಮುಗಿಸದವರೆಲ್ಲ ಸೋಮಾರಿಗಳು ಇಲ್ಲವೇ ಅಂಜುಬುರುಕರು ಎಂದೇ ನಾನು ತಿಳಿದವಳು. ಸೊನ್ನೆಯ ಮತ್ತು ಅಲೆಯ ಗೆರೆಯ ವಿಷಯ ಹೇಳಿದೆ. ಅವಳು ಟೇಬಲ್ಲಿನ ಮೇಲೆ ಚೆಲ್ಲಿದ ನೀರಿನಲ್ಲಿ ಬೆರಳಿನಿಂದ ಆ ಗೆರೆ ಬರೆದು ನೋಡಿ, “ಇದ ಇರಲಿ. ಇದ ಚೊಲೋ ಐತಿ,” ಎಂದಳು.

ಅವಳ ತಂದೆಯನ್ನು ನಾನು ಮೊದಲು ಕಂಡದ್ದು ಆ ಭಾನುವಾರ, ಬಾಗೇವಾಡಿಯಲ್ಲಿ. ಮನೆ ತುಂಬ ಜನ: ಅವಳ ತಮ್ಮಂದಿರು, ಅವರ ಹೆಂಡಂದಿರು, ಮೊಮ್ಮಕ್ಕಳು. ಕಾಕಾ ಎಂದೇ ನಾನೂ ಕರೆದೆ. ಕಬ್ಬು, ಸೋಯಾ ಬೆಳೆಯುವ ಒಕ್ಕಲುತನದ ಮನೆ. ಆದರೆ ಸುತ್ತಲ ಊರುಗಳಲ್ಲಿ ಕಾಕಾನ ಹೆಸರು ಇದ್ದದ್ದು ಅಳತೆಗೆ. ಈಗೆಲ್ಲ ತೂಕದ ಯಂತ್ರ ಬಂದಿದೆ. ಆದರೂ ರಾಶಿಯಾದ ಮೇಲೆ ಅಣ್ಣತಮ್ಮಂದಿರಲ್ಲಿ ಕಾಳು ಹಂಚಬೇಕಾದರೆ, ದಾಸೋಹಕ್ಕೆ ಜೋಳ ಎತ್ತಿಡಬೇಕಾದರೆ ಅವರನ್ನೇ ಕರೆಯುತ್ತಿದ್ದರು. ಅವರು ಕಾಳಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸೇರು ತುಂಬಿ ಸುರಿಯುತ್ತಾ, ಕಣದಲ್ಲಿ ನಿಂತ ಕಟ್ಟಕಡೆಯವನಿಗೂ ಕೇಳುವಂತೆ ಎಳೆದೆಳೆದು ಎಣಿಸುವರು. ಆ ಎಣಿಕೆಯ ಮೇಲೆ ಯಾರೂ ತಕರಾರು ತೆಗೆದದ್ದಿಲ್ಲವಂತೆ. ಗಡ್ಡೆಯಿಂದ ದನಿ ಸ್ವಲ್ಪ ಒಡೆದಿದ್ದರೂ ಅದರ ಗತ್ತು ಹೋಗಿರಲಿಲ್ಲ.

“ಬರ್ರಿ ಅಕ್ಕಾರ, ಬರ್ರಿ. ನನ್ನ ದನಿ ಪುಡಿಕಿ ಕಟ್ಟಾಕ ಬಂದವರು ನೀವ ಏನ್ರಿ? ನೆಟ್ಟಗ ಕಟ್ರಿ ಮತ್ತ, ಹಾದ್ಯಾಗ ಸೋರಬಾರದು,” ಎಂದರು.

ಒಳಗಿನ ಕೋಣೆಯಲ್ಲಿ ಹೊರಗಿನ ಸದ್ದು ಬಾರದಂತೆ ಕೌದಿ ಇಳಿಬಿಟ್ಟು, ಫೋನನ್ನು ಹಿಟ್ಟಿನ ಡಬ್ಬಿಯ ಮೇಲೆ ನಿಲ್ಲಿಸಿ ದನಿ ಹಿಡಿಯುತ್ತಿದ್ದರು. ಮಗಳು ಶಬ್ದ ಹೇಳಬೇಕು, ಕಾಕಾ ಅದನ್ನು ಬಿಡಿಯಾಗಿ, ಸ್ಪಷ್ಟವಾಗಿ ಅನ್ನಬೇಕು. ನೀರು. ಮಜ್ಜಿಗೆ. ಬಾಗಿಲು. ನೋವು. ಬ್ಯಾಡ. ಸಾಕು. ನೋವು ಎಂಬಲ್ಲಿ ಅವಳ ದನಿ ಇಳಿಯಿತು. ಕಾಕಾ ಅದನ್ನು ಅಂದು, ಕೂಡಲೇ ಬೈಗುಳಗಳನ್ನೂ ಹಿಡಿದುಕೋ ಎಂದು ಹಟ ಹಿಡಿದರು.

“ಅಪ್ಪಾ, ಅಕ್ಕಾರ ಕುಂತಾರ.”

“ಕುಂದರವಲ್ರ್ಯಾಕ. ಬೈಗಳ ಇಲ್ಲದ ನಾನು ಈ ಮನ್ಯಾಗ ಹೆಂಗ ಬಾಳೇ ಮಾಡ್ಲಿ? ಬರ್ಕೋ.”

ಬೈಗುಳ ಬಂದವು, ದನಗಳನ್ನು ಗದರುವ ಮಾತು ಬಂದವು, ಕರೆದರೆ ಕೇಳುವುದಿಲ್ಲವೇ ಎಂದು ಮಕ್ಕಳ ಮೇಲೆ ರೇಗುವ ಮಾತು ಬಂದವು. ಹೊರಗೆ ನಿಂತ ತಮ್ಮಂದಿರ ಹೆಂಡಂದಿರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕೊನೆಗೆ ಎಣಿಕೆ. ಕಾಕಾ ಕುಕ್ಕರುಗಾಲಿನಲ್ಲಿ ಕೂತರು, ಹಾಗೆ ಕೂತರೇ ಎಣಿಕೆ ಬರುತ್ತದೆ ಎಂದರು. ಬರಿಗೈಯಲ್ಲಿ ಸೇರು ತುಂಬಿ ಸುರಿಯುವ ಹಾಗೆ ಕೈ ಆಡಿಸುತ್ತಾ ನೂರರವರೆಗೆ ಎಣಿಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಚಿಕ್ಕಂದಿನಲ್ಲಿ ನಮ್ಮ ಹೊಲದ ಕಣದಲ್ಲಿ ಕೂತ ಹಾಗಾಯಿತು. ಇಂಥ ದನಿಯನ್ನು ತೆಗೆದು ಬಿಸಾಡುತ್ತಾರಲ್ಲ ಎಂದು ಡಾಕ್ಟರರ ಮೇಲೆ ಸುಮ್ಮನೆ ಸಿಟ್ಟು ಬಂತು.

ಆಮೇಲಿನ ದಿನಗಳಲ್ಲಿ ಕಾಕಾ ತಾವೇ ಫೋನಿನಲ್ಲಿ ಶಬ್ದ ಹೇಳಿ ಮಗಳಿಗೆ ಕಳಿಸುವರು. ಅವಳು ಕತ್ತರಿಸಿ, ತೊಳೆದು, ಪ್ರೋಗ್ರಾಮಿಗೆ ಸೇರಿಸುವಳು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಲ್ಯಾಬಿನಲ್ಲಿ ಕೂತು ಪೊಟ್ಟಣ ಕಟ್ಟಿ, ಸೊನ್ನೆ, ಅಲೆ, ಆ ದಿನದ ತಾರೀಖು ಬರೆದು ಬಿಡುವೆ. ತಾರೀಖು ಮುಂದೆ ಹೋದಂತೆ ದನಿ ಒಡೆಯುತ್ತಾ ಬಂದದ್ದು ನನಗೂ ಕೇಳಿಸುತ್ತಿತ್ತು. ಮೊದಮೊದಲ ಶಬ್ದಗಳು ಗಂಟೆಯಂತಿದ್ದವು, ಕೊನೆಕೊನೆಯವು ಕೆಮ್ಮಿನ ನಡುವೆ ಹೆಕ್ಕಿದವು. ಹೊಸ ಸಂಖ್ಯೆ ದೊಡ್ಡದು, ಹಾಗಾಗಿ ಹೊಸದೇ ಉತ್ತಮ ಎಂದು ಯಂತ್ರ ನಂಬಿಕೊಂಡು ಎಳೆದುಕೊಳ್ಳುತ್ತಿತ್ತು. ಬೇರೆಯವರ ವಿಷಯದಲ್ಲಿ ನಾನೂ ಹಾಗೇ ನಂಬಿದವಳು. ಇಲ್ಲಿ ಪ್ರತಿ ಸಲ ಹೊಸ ತಾರೀಖು ಬರೆಯುವ ಮೊದಲು ಹಳೆಯ ಪೊಟ್ಟಣದ ದನಿಯನ್ನು ಇನ್ನೊಮ್ಮೆ ಕೇಳಿಕೊಳ್ಳುತ್ತಿದ್ದೆ.

ಆಪರೇಷನ್ ಆಯಿತು. ತಾರೀಖು ನಿಂತಿತು.

ಕಾಕಾ ಮನೆಗೆ ಬಂದರು. ಎರಡು ಬೆರಳಿನಲ್ಲಿ ಟೈಪು ಮಾಡುವುದು ಕಲಿತರು. ಅವರು ಮೊದಲ ಸಲ ಯಂತ್ರದ ಬಾಯಲ್ಲಿ ಎಮ್ಮೆಗೆ ಗದರಿದ ದಿನ ಎಮ್ಮೆ ನಿಜವಾಗಿಯೂ ತಿರುಗಿ ನೋಡಿತಂತೆ. ಅದನ್ನು ಹೇಳುವಾಗ ಮೂಡಲಗಿಯವಳು ಫೋನಿನಲ್ಲಿ ನಗುತ್ತಾ ಅಳುತ್ತಿದ್ದಳು. ಇಷ್ಟಾದ ಮೇಲೆ ಇನ್ನೇನು ಉಳಿಯಿತು? ಕೆಲಸ ಮಾಡುವ ಪ್ರೋಗ್ರಾಮು, ಇನ್ನು ಸೇರಿಸಲು ಏನೂ ಇಲ್ಲ. ಬೇರೆ ಊರುಗಳಿಂದ ಇಂಥದೇ ಕಷ್ಟದಲ್ಲಿರುವವರು ನನ್ನನ್ನು ಕೇಳತೊಡಗಿದ್ದರು, ನಮ್ಮವರ ದನಿಗೂ ಇದು ಆಗುತ್ತದೆಯೇ, ಪೂರ್ತಿಯಾಗಿದೆಯೇ ಎಂದು. ಒಂದು ಎಂದು ಸಾರಿಬಿಡು ಎಂದು ಅವಳಿಗೆ ಹೇಳಿದೆ. ಹೂಂ ಎಂದಳು, ಸಾರಲಿಲ್ಲ. ಮತ್ತೆ ಹೇಳಿದೆ. ಮಕ್ಕಳ ಪರೀಕ್ಷೆ ಎಂದಳು. ಪರೀಕ್ಷೆ ಮುಗಿದವು, ಸೊನ್ನೆ ಹಾಗೇ ಇತ್ತು.

ಒಂದು ದಿನ ಅವಳೇ ಫೋನು ಮಾಡಿದಳು.

“ಅಕ್ಕಾರ, ಒಂದ ಇಲ್ರಿ.”

“ಇಲ್ಲ ಅಂತ ನನಗೂ ಗೊತ್ತೈತಿ ತಂಗಿ, ಅದನ್ನ ಕೇಳಾಕತ್ತೇನಲ್ಲ ನಿನಗ.”

“ಆ ನಂಬರ್ ಅಲ್ರಿ. ಅಪ್ಪನ ದನ್ಯಾಗ ಒಂದ ಅನ್ನೂ ಶಬ್ದನ ಇಲ್ರಿ.”

ದನಿ ಹಿಡಿದಿಡದ ಶಬ್ದವನ್ನು ಯಂತ್ರ ಹಾರಿಸಿಬಿಡುತ್ತದೆ. ಕಾಕಾ ಒಂದ ಕಪ್ ಚಾ ಎಂದು ಟೈಪು ಮಾಡಿದರೆ ಯಂತ್ರ ಬರೀ ಕಪ್ ಚಾ ಎನ್ನುತ್ತಿತ್ತು. ಮನೆಯವರು ಯಂತ್ರ ತಡವರಿಸುತ್ತಿದೆ ಎಂದುಕೊಂಡು ಚಹಾ ಕೊಟ್ಟು ಸುಮ್ಮನಾಗಿದ್ದರು. ಆದರೆ ಫೋನ್ ನಂಬರು ಹೇಳುವಾಗ ಒಂದು ಬಂದಲ್ಲೆಲ್ಲ ಅಂಕಿ ಹಾರಿಹೋಗಿ, ಯಾರಿಗೂ ಕರೆ ಹತ್ತದೆ, ಗುಟ್ಟು ರಟ್ಟಾಯಿತು. ಅವಳು ಎಣಿಕೆಯ ರೆಕಾರ್ಡಿಂಗ್ ತೆರೆದು ಕೇಳಿದ್ದಳು. ನನಗೂ ಕೇಳಿಸಿದಳು. ಆ ಗತ್ತಿನ ದನಿ ಶುರುವಾಯಿತು: ಲಾಭ, ಎರಡ, ಮೂರ, ನಾಕ.

ನಮ್ಮ ಕಡೆ ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ರಾಶಿಯ ಲೆಕ್ಕ ಲಾಭದಿಂದಲೇ ಶುರುವಾಗಬೇಕು. ಜೀವನವಿಡೀ ಹಾಗೆ ಎಣಿಸಿದ ಮನುಷ್ಯನಿಗೆ ಎಣಿಸು ಎಂದರೆ ಇನ್ನು ಹೇಗೆ ಎಣಿಸುತ್ತಾನೆ? ಅವಳು ಆ ಎಣಿಕೆ ಕೇಳುತ್ತಲೇ ಬೆಳೆದವಳು, ಅವಳ ಕಿವಿಗೆ ಅದರಲ್ಲಿ ಕೊರತೆ ಕಾಣಲಿಲ್ಲ. ನಾನು ಕಣ್ಣು ಮುಚ್ಚಿ ಕೇಳಿ ಮೆಚ್ಚಿದವಳು, ನನಗೂ ಕಾಣಲಿಲ್ಲ. ಬೇರೆ ಸೀಮೆಯವರು ಯಾರಾದರೂ ಆ ಕೋಣೆಯಲ್ಲಿ ಇದ್ದಿದ್ದರೆ ಅಲ್ಲೇ ತಡೆದು ಕೇಳುತ್ತಿದ್ದರು.

ಅವಳು ಮಾಡದ ಪ್ರಯತ್ನವಿಲ್ಲ. ಇಪ್ಪತ್ತೊಂದರ ಬಾಲ ಕತ್ತರಿಸಿದಳು, ಅದು ‘ತೊಂದ’ ಎಂದು ಬಂತು. ತೊಂದ ಕಪ್ ಚಾ ಎಂದು ಯಂತ್ರ ಕೇಳಿದಾಗ ಕಾಕಾ ದನಿಯಿಲ್ಲದೆ ಮೈಯೆಲ್ಲ ಕುಲುಕಿ ನಕ್ಕರಂತೆ. ಲಾಭ ಕಪ್ ಚಾ ಎಂದು ತಾವೇ ಟೈಪು ಮಾಡಿ, ಇದೇ ಸಾಕು ಬಿಡು ಎಂದು ಕೈ ಬೀಸಿದರಂತೆ. ಅವರಿಗೆ ಸಾಕಾಗಿತ್ತು, ಇವಳಿಗೆ ಆಗಲಿಲ್ಲ. “ಎಷ್ಟ ಶಬ್ದಾ ಹೇಳಿಸಿದ್ನಿ ಅಕ್ಕಾರ. ಒಂದ ಅಂತ ಒಮ್ಮಿ ಅನ್ನಸಲಿಲ್ಲಲ್ರಿ. ಇನ್ನ ಎಲ್ಲಿಂದ ತರ್ಲಿ?” ಎಂದು ಫೋನಿನಲ್ಲೇ ಬಿಕ್ಕಿದಳು. ಸಮಾಧಾನ ಹೇಳುವ ವಿದ್ಯೆ ನನಗೆ ಬರುವುದಿಲ್ಲ. 

ಕೇಳದೆ ಉಳಿದ ರೆಕಾರ್ಡಿಂಗ್ ಯಾವುದಾದರೂ ಇದೆಯೇ ಎಂದು ಕೇಳಿದೆ.

“ಐತ್ರಿ,” ಎಂದಳು. ಆಪರೇಷನ್ನಿನ ದಿನ ಬೆಳಿಗ್ಗೆ ಅವಳು ಚಹಾ ತರಲು ಕೆಳಗೆ ಹೋದಾಗ ಕಾಕಾ ಅವಳ ಫೋನಿನಲ್ಲಿ ತಾವಾಗಿಯೇ ಏನೋ ಹೇಳಿಟ್ಟಿದ್ದರು. ಅವಳು ಅದನ್ನು ಕಂಡದ್ದು ಅವರು ಆಪರೇಷನ್ ಕೋಣೆಯ ಒಳಗೆ ಹೋದ ಮೇಲೆ. ಅವತ್ತಿನವರೆಗೂ ತೆರೆದಿರಲಿಲ್ಲ.

“ಯಾಕ ತಗದಿಲ್ಲ?”

“ಅದೊಂದ ಉಳದೈತ್ರಿ, ನಾ ಕೇಳದ ಇದ್ದದ್ದು. ಕೇಳಿಬಿಟ್ರ ಅಪ್ಪನ ಹೊಸಾ ಮಾತು ಇನ್ನ ಯಾವತ್ತೂ ಇಲ್ಲ.”

ಅವಳು ಒಂದು ಎಂದು ಯಾಕೆ ಸಾರುತ್ತಿಲ್ಲ ಎಂಬುದು ಆಗ ಅರ್ಥವಾಯಿತು. ಸುಮ್ಮನೆ ಬೈಯುತ್ತಿದ್ದೆ ಇವಳನ್ನು.

ಮುಂದಿನ ಭಾನುವಾರ ಬಾಗೇವಾಡಿಗೆ ಹೊರಟೆ. ಬಸ್ಸು ಧುಪದಾಳ ದಾಟುವಾಗ ಒಡ್ಡಿನ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು. ಘಟಪ್ರಭಾದಲ್ಲಿ ಅವಳು ಹತ್ತಿಕೊಂಡಳು. ದಾರಿಯುದ್ದಕ್ಕೂ ಮಕ್ಕಳ ಮಾತು, ಕ್ಲಾಸಿನ ಮಾತು, ಬೇರೆ ಎಲ್ಲದರ ಮಾತು.

ಕಾಕಾ ಪಡಸಾಲೆಯಲ್ಲಿ ಲ್ಯಾಪ್‌ಟಾಪು ಮುಂದಿಟ್ಟುಕೊಂಡು ಕೂತಿದ್ದರು. ಕುತ್ತಿಗೆಗೆ ತೆಳು ವಸ್ತ್ರ ಸುತ್ತಿದ್ದರು, ಮುಖದಲ್ಲಿ ಕಳೆ ಇತ್ತು. ನನ್ನನ್ನು ಕಂಡು ಬೆರಳು ಆಡಿಸಿದರು. “ಬರ್ರಿ ಅಕ್ಕಾರ,” ಎಂದು ಅವರದೇ ದನಿ ಹೊರಟಿತು. ಆಮೇಲೆ ಮಗಳನ್ನು ನೋಡುತ್ತಾ ಏನೋ ಚಿಕ್ಕ ಶಬ್ದವನ್ನು ಟೈಪು ಮಾಡಿ ಗುಂಡಿ ಒತ್ತಿದರು. ಯಂತ್ರ ಸುಮ್ಮನಿತ್ತು. ಅವರು ಅದನ್ನು ಅಳಿಸಿದರು. “ಮತ್ತ ಒಂದ ಬರದಿರಬೇಕು ನೋಡ್ರಿ,” ಎಂದು ಅವಳು ನನ್ನ ಕಿವಿಯಲ್ಲಿ ಹೇಳಿ ಒಳಗೆ ನಡೆದಳು.

ದನಿ ಹಿಡಿದ ಆ ಕೋಣೆಯಲ್ಲೇ ಕೂತೆವು. ಅವಳು ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ನನ್ನ ಕೈಗೆ ಕೊಟ್ಟಳು.

“ನೀವ ಕೇಳ್ರಿ. ಒಂದ ಸಿಕ್ರ ಅಷ್ಟ ಕತ್ತರಿಸಿ ಕೊಡ್ರಿ. ಉಳದದ್ದು ನನಗ ಹೇಳಬ್ಯಾಡ್ರಿ.”

ಕೇಳಿದೆ. ಮೊದಲು ಗಾಡಿ ತಳ್ಳುವ ಸದ್ದು, ದೂರದಲ್ಲಿ ಯಾರದೋ ಮಾತು, ಕೆಮ್ಮು. ಆಮೇಲೆ ಕಾಕಾ, ಒಡೆದ ದನಿಯಲ್ಲಿ, ಅವಸರವಿಲ್ಲದೆ: “ಅವ್ವಾ, ನೀ ಚಾ ತರಾಕ ಹೋಗೀದಿ. ಇದು ಚಾಲೂ ಐತೋ ಇಲ್ಲೋ ದೇವರ ಬಲ್ಲ. ಒಂದ ಮಾತು ಬಿಟ್ಟೀವಿ ನೋಡು. ನಿನ್ನ ಹೆಸರ.” ಆಮೇಲೆ ಅವಳ ಹೆಸರು. ಮೊದಲ ಸಲ ಅದು ಗಂಟಲಲ್ಲೇ ಸಿಕ್ಕಿತು. ಎರಡನೆಯ ಸಲ ಪೂರ್ತಿ ಬಂತು, ಕಣದ ಕಟ್ಟಕಡೆಯವನಿಗೂ ಕೇಳುವಂತೆ ಎಳೆದು. “ಸಾಕ. ಇದನ್ನೂ ಸೇರಸ್ಕೋ.” ಅಷ್ಟೇ.

ಇಯರ್‌ಫೋನ್ ತೆಗೆದೆ. ನನ್ನ ಮುಖ ನೋಡಿ ಅವಳು ಗಾಬರಿಯಾದಳು.

“ಒಂದ ಐತೇನ್ರಿ?”

“ಐತಿ. ಆದ್ರ ಅದನ್ನ ನಾ ಕತ್ತರಸೂದಿಲ್ಲ. ನೀ ಕೇಳು.”

“ಬ್ಯಾಡಂದ್ನಲ್ರಿ.”

“ಕೇಳವಾ. ನಿನಗ ಹೇಳಿದ್ದದು. ನಾ ಕೇಳಿದ್ದ ತಪ್ಪಾತು.”

ಅವಳು ಕೇಳಿದಳು. ಹೆಸರು ಬಂದಾಗ ಎರಡೂ ಕೈಯಿಂದ ಕಿವಿಗಳನ್ನು ಒತ್ತಿ ಹಿಡಿದಳು, ದನಿ ಎಲ್ಲಿ ಹೊರಗೆ ಚೆಲ್ಲೀತೋ ಎಂಬಂತೆ. ಆಮೇಲೆ ಇಯರ್‌ಫೋನ್ ತೆಗೆದು ನನ್ನ ಕಡೆ ತಿರುಗಿದಳು. “ನಂದು ನಮ್ಮಜ್ಜಿ ಹೆಸರ್ರಿ. ಹಡದ ತಾಯಿ ಹೆಸರು ಹಿಡದು ಮಗಳನ್ನ ಹೆಂಗ ಕರೀಲಿ ಅಂತ ಅಪ್ಪ ನಾ ಹುಟ್ಟಿದಾಗಿಂದ ಅವ್ವಾ ಅಂತನ ಕರದಾನ. ಈ ಹೆಸರ ಅವನ ಬಾಯಾಗ ನಾ ಕೇಳೇ ಇಲ್ರಿ. ಅದಕ್ಕ ನನಗ ಬರ್ಕೊಳ್ಳಾಕ ಸೈತ ಹೊಳೀಲಿಲ್ಲ.” ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆ ಮನೆಯದು.

ಕಣ್ಣು ಒರೆಸಿಕೊಂಡು ಅವಳು ಕೆಲಸಕ್ಕೆ ಕೂತಳು. ಮಾತಿನ ನಡುವಿನಿಂದ ಒಂದ ಎಂಬುದನ್ನು ಕತ್ತರಿಸಿದಳು, ಚೊಕ್ಕಟವಾಗಿ ಬಂತು. ಹೆಸರನ್ನು ಕತ್ತರಿಸಿದಳು. ಎರಡನ್ನೂ ಸೇರಿಸಿ ನನ್ನ ಲ್ಯಾಪ್‌ಟಾಪಿಗೆ ಕಳಿಸಿದಳು. ನಾನು ಮಂಚದ ಮೇಲೆ ಕೂತು ಪೊಟ್ಟಣ ಕಟ್ಟಿದೆ. ಸಂಖ್ಯೆಯ ಜಾಗ ಬಂದಾಗ ಕೈ ತಾನೇ ಸೊನ್ನೆ ಬರೆದು ಅಲೆಯ ಗೆರೆ ಎಳೆಯಿತು. ಅವಳು ನನ್ನ ಕೈ ಸರಿಸಿ, ಅದೆಲ್ಲವನ್ನೂ ಅಳಿಸಿ, ತಾನೇ ಒಂದು ಎಂದು ಒತ್ತಿದಳು.

ಅವಳು ಪಡಸಾಲೆಗೆ ಹೋಗಿ, ಕಾಕಾನ ಲ್ಯಾಪ್‌ಟಾಪಿನಲ್ಲಿ ಹೊಸದನ್ನು ಎಳೆದುಕೊಳ್ಳುವ ಗುಂಡಿ ಒತ್ತಿ, ಏನೂ ಹೇಳದೆ ಬಂದು ನನ್ನ ಪಕ್ಕ ಕೂತಳು. ಅಲೆಯ ಹಿಂದಿನ ಸೊನ್ನೆಗಿಂತ ಒಂದು ದೊಡ್ಡದು, ಯಂತ್ರ ತಕರಾರಿಲ್ಲದೆ ಅದನ್ನು ತೆಗೆದುಕೊಂಡಿರಬೇಕು. ಹೊರಗೆ ಕೀಲಿಗಳ ಮೇಲೆ ಎರಡು ಬೆರಳು ನಿಧಾನವಾಗಿ ಓಡಾಡುವ ಸದ್ದು ಕೇಳುತ್ತಿತ್ತು.

ಆಮೇಲೆ ಅವಳ ಹೆಸರು ಬಂತು. ಒಡೆದ ದನಿ, ಆದರೂ ಅಷ್ಟು ದೊಡ್ಡದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಏಳಲಿಲ್ಲ. ನನ್ನ ತೋಳು ಹಿಡಿದುಕೊಂಡು ಕೂತಳು. ಹೆಸರು ಮತ್ತೊಮ್ಮೆ ಬಂತು. ಮತ್ತೆ ಕೀಲಿಗಳ ಸದ್ದು, ಈ ಸಲ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಪಡಸಾಲೆಯಿಂದ ಅವಳಪ್ಪನ ದನಿ, ಒಂದೊಂದು ಶಬ್ದವನ್ನೂ ಬಿಡಿಬಿಡಿಯಾಗಿ ಜೋಡಿಸುತ್ತಾ ಕೇಳಿತು:

“ದಿನಾ ಕರಿಯಾಕತ್ತೇನಿ. ಈಗ ಕೇಳಿಸಿತೇನ?”